ತುಟಿಗೆ ಜೋಮು ಹಿಡಿದ ದಿನಗಳು

ಮಹಾದೇವಿ ಚಟ್ನಿಯ ಬಟ್ಟಲನ್ನು ದೂರ ಸರಿಸಿದ ದಿನವೇ ನನಗೆ ಗೊತ್ತಾಗಬೇಕಿತ್ತು.

ಸೋಲಾಪುರದಲ್ಲಿ ನಮ್ಮದು ಮಸಾಲೆಯ ಸಗಟು ವ್ಯಾಪಾರ. ಮೆಣಸಿನಕಾಯಿ, ಅರಿಶಿಣ, ಧನಿಯಾ. ನಮ್ಮ ಮನೆಯಲ್ಲಿ ಸೀನಬೇಕಾದರೆ ಯಾರೂ ನೆಗಡಿಗಾಗಿ ಕಾಯುವುದಿಲ್ಲ. ಅಂಥ ಮನೆಗೆ ಸೊಸೆಯಾಗಿ ಬಂದು, ಕಡಕ್ ಭಾಕರಿಯ ಮೇಲೆ ಶೇಂಗಾ ಚಟ್ನಿ ಹಾಕಿ, ಅದರ ಮೇಲೆ ಎಣ್ಣೆ ಸುರಿದುಕೊಂಡು, ಕಣ್ಣಲ್ಲಿ ಒಂದು ಹನಿ ಬರದಂತೆ ಉಣ್ಣುವವಳು ನನ್ನ ಹೆಂಡತಿ. ಆ ದಿನ ಒಂದು ತುತ್ತು ಬಾಯಿಗಿಟ್ಟವಳು ಎಡಗೆನ್ನೆ ಹಿಡಿದುಕೊಂಡಳು.

“ಉರಿತೈತ್ರಿ.”

“ಚಟ್ನಿ ಉರೀದ ಏನ್ ತಂಪ್ ಆಗತೈತೇನ?” ಎಂದು ನಾನು ನಕ್ಕೆ.

ಅವಳು ನಗಲಿಲ್ಲ. ಬಟ್ಟಲು ಸರಿಸಿ, ಭಾಕರಿಯನ್ನು ಹಾಲಿನಲ್ಲಿ ನೆನೆಹಾಕಿಕೊಂಡಳು. ಮರುದಿನವೂ ಹಾಲು. ಅದರ ಮರುದಿನವೂ ಹಾಲು. ಕೊನೆಗೆ ನಮ್ಮ ಮಗನ ಹೆಂಡತಿಯೇ ಮೊಬೈಲಿನ ಟಾರ್ಚ್ ಹಿಡಿದು ಅತ್ತೆಯ ಬಾಯಿ ನೋಡಿದಳು. ಕೆನ್ನೆಯ ಒಳಗೆ ಸುಣ್ಣ ಬಳಿದಂತೆ ಒಂದು ಬಿಳಿ ಮಚ್ಚೆ. ಸುತ್ತಲೂ ಕೆಂಪಗೆ ಹುಣ್ಣು.

ಹಲ್ಲಿನ ಡಾಕ್ಟರು ಮರಾಠಿಯವರು, ಇನ್ನೂ ಚಿಕ್ಕ ವಯಸ್ಸು. ಬಾಯಿ ನೋಡಿದವರೇ ಕೇಳಿದ ಮೊದಲ ಪ್ರಶ್ನೆ, ಮಿಶ್ರಿ ಹಚ್ಚುತ್ತೀರಾ ಎಂದು: “ಮಾವಶಿ, ಮಿಶ್ರಿ ಲಾವತಾ ಕಾ?”

ಹಚ್ಚುತ್ತಾಳೆ. ನಮ್ಮ ಕಡೆ ಅವಳ ವಯಸ್ಸಿನ ಎಷ್ಟೋ ಹೆಂಗಸರು ಹಚ್ಚುತ್ತಾರೆ. ತಂಬಾಕನ್ನು ತವೆಯ ಮೇಲೆ ಕಪ್ಪಗೆ ಸುಟ್ಟು, ಪುಡಿ ಮಾಡಿ, ಚಿಕ್ಕ ಡಬ್ಬಿಯಲ್ಲಿ ತುಂಬಿಟ್ಟುಕೊಳ್ಳುತ್ತಾರೆ. ಬೆಳಿಗ್ಗೆ ಹಲ್ಲು ತಿಕ್ಕುವ ನೆಪದಲ್ಲಿ ಶುರುವಾದದ್ದು, ಉಂಡ ಮೇಲೆ ಒಮ್ಮೆ, ಕೆಲಸ ಮುಗಿದ ಮೇಲೆ ಒಮ್ಮೆ, ನೆರೆಮನೆಯವಳು ಬಂದು ಕಟ್ಟೆಯ ಮೇಲೆ ಕೂತರೆ ಮತ್ತೊಮ್ಮೆ ಆಗುತ್ತದೆ. ತೋರುಬೆರಳನ್ನು ಪುಡಿಯಲ್ಲಿ ಅದ್ದಿ ಒಸಡಿಗೆ ತಿಕ್ಕುತ್ತ ಕೂತರೆ ಅರ್ಧ ಊರಿನ ಸುದ್ದಿ ಅಲ್ಲೇ ಮುಗಿಯುತ್ತದೆ. ಮಹಾದೇವಿಗೆ ಇದನ್ನು ಕಲಿಸಿದವಳು ನನ್ನ ತಾಯಿ. ಅತ್ತೆ ಸೊಸೆ ಬೇರೆ ಎಲ್ಲದಕ್ಕೂ ಜಗಳಾಡಿದರು, ಮಿಶ್ರಿಯ ಡಬ್ಬಿ ಮಾತ್ರ ಇಬ್ಬರಿಗೂ ಒಂದೇ ಇತ್ತು.

ಡಾಕ್ಟರು ಮಚ್ಚೆಯ ಚೂರೊಂದನ್ನು ತೆಗೆದು ಬಯಾಪ್ಸಿಗೆ ಕಳಿಸಿದರು. ರಿಪೋರ್ಟ್ ಬರುವವರೆಗಿನ ದಿನಗಳ ಬಗ್ಗೆ ಏನು ಹೇಳಲಿ? ಅಂಗಡಿಯಲ್ಲಿ ನಾನು ಧನಿಯಾ ಕೇಳಿದವರಿಗೆ ಜೀರಿಗೆ ತೂಗಿಕೊಟ್ಟೆ.

ಕ್ಯಾನ್ಸರ್ ಅಲ್ಲ ಎಂದು ರಿಪೋರ್ಟ್ ಹೇಳಿತು. ಆದರೆ ಆ ದಾರಿ ಹಿಡಿದಿದೆ. ಇಡೀ ಮಚ್ಚೆಯನ್ನು ಕತ್ತರಿಸಿ ತೆಗೆಯಬೇಕು, ಬಿಟ್ಟರೆ ಮುಂದೆ ಏನಾಗುತ್ತದೋ ಹೇಳಲಾಗದು ಎಂದರು ಡಾಕ್ಟರು. ಅದಕ್ಕೆ ಮೊದಲು ಸುತ್ತಲಿನ ಹುಣ್ಣು ಆರಬೇಕು, ಮಿಶ್ರಿ ಪೂರ್ತಿ ನಿಲ್ಲಬೇಕು. ಎರಡೂ ಆದ ಮೇಲೆ ಆಪರೇಷನ್‌ಗೆ ತಾರೀಖು. ಅಲ್ಲಿಯತನಕ ಉರಿ ತಡೆಯಲು ಒಂದು ಟ್ಯೂಬ್ ಬರೆದುಕೊಟ್ಟರು. ಲಿಗ್ನೋಕೇನ್ ಜೆಲ್. ಜಾಗವನ್ನು ಮರಗಟ್ಟಿಸುವ ಔಷಧ.

“ಬಟಾಣಿ ಕಾಳಿನಷ್ಟು ಮಾತ್ರ. ಹುಣ್ಣಿನ ಮೇಲಷ್ಟೇ ಹಚ್ಚಿ. ನುಂಗಬೇಡಿ, ಉಗುಳಿ. ಹಚ್ಚಿ ಒಂದು ತಾಸು ಏನೂ ತಿನ್ನಬೇಡಿ, ಗಂಟಲೂ ಜೋಮು ಹಿಡಿದಿರುತ್ತದೆ. ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ಬೇಡ.” ಇದನ್ನೆಲ್ಲ ಅವರು ಮರಾಠಿಯಲ್ಲಿ ಹೇಳಿದರು. ಮಹಾದೇವಿ ಪ್ರತಿ ಮಾತಿಗೂ ತಲೆ ಆಡಿಸಿದಳು. ಎದೆ ಢವಢವ ಅನ್ನುವುದಕ್ಕೆ ಅವಳು ವರ್ಷಗಳಿಂದ ಒಂದು ಗುಳಿಗೆ ತೆಗೆದುಕೊಳ್ಳುತ್ತಾಳೆ. ಅದರ ಮಾತು ಅಲ್ಲಿ ಬರಲಿಲ್ಲ. ಕೆನ್ನೆಗೆ ಹಚ್ಚುವ ಮುಲಾಮಿಗೂ ಎದೆಯ ಗುಳಿಗೆಗೂ ಏನು ಸಂಬಂಧ ಎಂದು ಯಾರಿಗೆ ಹೊಳೆಯಬೇಕು?

ಮನೆಗೆ ಬಂದವಳು ಮಿಶ್ರಿಯನ್ನು ಮೋರಿಗೆ ಸುರಿದಳು. ದೇವರ ಜಗುಲಿಯ ಮುಂದೆ ನಿಂತು ನಮ್ಮ ಸೋಲಾಪುರದ ಸಿದ್ಧರಾಮನ ಆಣೆ ಹಾಕಿ, ಇನ್ನು ಮುಟ್ಟುವುದಿಲ್ಲ ಎಂದಳು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಇದು ಮೊದಲೇ ಸುಟ್ಟ ಪುಡಿ ಎಂದು ನಾನು ಛೇಡಿಸಿದೆ. ಅವಳು ಗುರ್ ಎಂದು ನೋಡಿದಳು. ಡಬ್ಬಿಯನ್ನು ಮಾತ್ರ ಎಸೆಯಲಿಲ್ಲ. ತೊಳೆದು, ಬಿಸಿಲಿಗಿಟ್ಟು, ಒಣಗಿಸಿ ಸೊಂಟದ ಸಂಚಿಯಲ್ಲಿ ಇಟ್ಟುಕೊಂಡಳು. ಅತ್ತೆಯ ನೆನಪು, ಇರಲಿ ಅಂದಳು.

ಆಣೆಯನ್ನು ಅವಳು ಮುರಿಯಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ.

ಮೊದಲ ವಾರ ಕಷ್ಟಪಟ್ಟಳು. ಸಿಡಿಮಿಡಿ ಅನ್ನುತ್ತಿದ್ದಳು, ತಲೆನೋವು, ಕೈಗೆ ಏನು ಮಾಡಬೇಕೆಂದೇ ತಿಳಿಯದಂತೆ ಸೆರಗಿನ ತುದಿ ಹೊಸೆಯುತ್ತ ಕೂಡುತ್ತಿದ್ದಳು. ಆಮೇಲೆ ಒಂದು ದಿನ ಸಮಾಧಾನವಾದಳು. ಕಟ್ಟೆಯ ಮೇಲೆ ಮೊದಲಿನಂತೆ ಕೂತು ನೆರೆಯವಳ ಜೊತೆ ಮಾತಾಡತೊಡಗಿದಳು. ಔಷಧ ಹಿಡಿಸಿತು ಎಂದುಕೊಂಡೆ. ಟ್ಯೂಬ್ ಮುಗಿದಾಗ ಔಷಧಿ ಅಂಗಡಿಗೆ ಫೋನ್ ಮಾಡಿ ತಾನೇ ತರಿಸಿಕೊಳ್ಳುತ್ತಿದ್ದಳು. ಅವರೂ ಚೀಟಿ ಕೇಳುತ್ತಿರಲಿಲ್ಲ. ಟ್ಯೂಬ್ ತಾನೇ.

ಎಳ್ಳಮಾವಾಸ್ಯೆ ಬಂತು. ನಮ್ಮ ಸೀಮೆಯಲ್ಲಿ ಅದು ಮನೆಯ ಹಬ್ಬವಲ್ಲ, ಹೊಲದ ಹಬ್ಬ. ಜೋಳ ಎದೆಯೆತ್ತರ ನಿಂತಿರುವಾಗ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಜೋಳದ ದಂಟಿನ, ಅಂದರೆ ಕಣಿಕೆಯ, ಗುಡಿಸಲಲ್ಲಿ ಐದು ಕಲ್ಲಿಟ್ಟು ಪೂಜಿಸಿ, ಎಡೆಯ ಅಡುಗೆಯನ್ನು ಪೈರಿನ ಮೇಲೆ ಎರಚಿ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುವುದು. ಮಹಾದೇವಿಯ ತಂಗಿ ಕಸ್ತೂರಿಯನ್ನು ಅಕ್ಕಲಕೋಟ ತಾಲೂಕಿನ ಚಪಳಗಾಂವಕ್ಕೆ ಕೊಟ್ಟಿದ್ದಾರೆ. ಪ್ರತಿವರ್ಷ ನಾವು ಅವರ ಹೊಲಕ್ಕೇ ಹೋಗುವುದು.

“ಈ ವರ್ಷ ಬ್ಯಾಡ,” ಎಂದೆ. “ಬಾಯಿ ಹುಣ್ಣ ಇಟಕೊಂಡು ಅಲ್ಲಿ ಹೋಗಿ ಏನ್ ಉಣ್ಣತಿ?”

“ಎಲ್ಲಾ ಉಣ್ಣತೀನಿ ನೋಡ್ರಿ,” ಎಂದಳು.

ಮತ್ತು ಉಂಡಳು. ಅದೇ ನನಗೆ ಆಶ್ಚರ್ಯ. ಸಜ್ಜೆ ರೊಟ್ಟಿ, ಹಸಿಮೆಣಸಿನಕಾಯಿ ಹಾಕಿ ಕುದಿಸಿದ ಭಜ್ಜಿ ಪಲ್ಲೆ, ಕಡಬು, ಅಂಬಲಿ. ನಡುನಡುವೆ ಎದ್ದು ಗುಡಿಸಲಿನ ಹಿಂದೆ ಹೋಗಿ ಬರುತ್ತಿದ್ದಳು. ಹೆಂಗಸರು ಎದ್ದು ಹೋದರೆ ಎಲ್ಲಿಗೆ ಎಂದು ಗಂಡಸರು ಕೇಳುವುದಿಲ್ಲ. ಕಸ್ತೂರಿ ಒಮ್ಮೆ ಅವಳ ಹಿಂದೆ ಹೋಗಿ, ಕೂಡಲೇ ತಿರುಗಿ ಬಂದು ತಲೆ ತಗ್ಗಿಸಿ ಕೂತದ್ದು ನನಗೆ ನೆನಪಿದೆ.

ಊಟದ ಕೊನೆಗೆ ಮಹಾದೇವಿಗೆ ಕಡಬಿನ ಚೂರು ಗಂಟಲಲ್ಲಿ ತಪ್ಪುದಾರಿ ಹಿಡಿಯಿತು. ಕೆಮ್ಮಿದಳು, ಕಣ್ಣು ಕೆಂಪಾದವು. ಬೆನ್ನು ತಟ್ಟಿದೆವು, ಸರಿಹೋಯಿತು. ಆಮೇಲೆ ಮಾತು ಶುರುವಾಯಿತು. ಅವಳು ಅಷ್ಟು ಮಾತಾಡುವವಳಲ್ಲ. ತವರಿನ ಹಳೆಯ ಎತ್ತಿನ ಸುದ್ದಿ, ನನ್ನ ತಾಯಿಯ ಸುದ್ದಿ, ಒಂದನ್ನು ಮುಗಿಸದೆ ಇನ್ನೊಂದು. ನಾಲಿಗೆ ತೊದಲುತ್ತಿತ್ತು. ಕಸ್ತೂರಿಯ ಗಂಡ ಮಲ್ಲಣ್ಣ, “ಅಂಬಲಿ ಏರೈತಿ ಅಕ್ಕಗ,” ಎಂದು ನಗಿಸಿದ. ಎಲ್ಲರೂ ನಕ್ಕೆವು.

“ರೀ, ಕಿವ್ಯಾಗ ಗುಂಯ್ ಅನ್ನಾಕತ್ತೈತಿ,” ಎಂದಳು. “ಬಾಯಾಗ ತಾಮ್ರದ ದುಡ್ಡ ಇಟ್ಟಂಗ ಆಗೈತಿ.”

“ಬಿಸಲ ಹತ್ತೈತಿ, ಒಳಗ ಅಡ್ಡಾಗು.”

ಅವಳು ಏಳಲು ಹೋದಳು. ಮೇಲ್ದುಟಿ ಪಟಪಟ ಅದುರಿತು. ಒಂದೇ ಕಡೆ, ಯಾರೋ ದಾರ ಕಟ್ಟಿ ಎಳೆಯುತ್ತಿರುವಂತೆ. ನನ್ನನ್ನೇ ನೋಡುತ್ತಿದ್ದಳು, ಆದರೆ ಆ ಕಣ್ಣಿನಲ್ಲಿ ನಾನಿರಲಿಲ್ಲ.

ಆಮೇಲೆ ಬಿದ್ದಳು.

ಮೈಯೆಲ್ಲ ಸೆಟೆದು ಜಗ್ಗಾಡತೊಡಗಿತು. ಫಿಟ್ಸ್. ನಮ್ಮ ಎರಡೂ ಮನೆತನದಲ್ಲಿ ಯಾರಿಗೂ ಬಂದದ್ದಿಲ್ಲ. ಯಾರೋ ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು. ಯಾರೋ ಕೈಯಲ್ಲಿ ಬೀಗದ ಕೈ ತುರುಕಿದರು. ಬಾಯಿಗೆ ಚಮಚ ಹಾಕಲು ಬಂದವರನ್ನು ನಾನು ತಳ್ಳಿದೆ. ಅಮಾವಾಸ್ಯೆ, ನಡುಹಗಲು, ಹೊಲ, ಏನೋ ಹಾಯ್ದುಹೋಗಿದೆ ಎಂದು ಒಬ್ಬ ಮುದುಕಿ ಆಗಲೇ ನಿವಾಳಿಸಲು ಮೆಣಸಿನಕಾಯಿ ಹುಡುಕುತ್ತಿದ್ದಳು. ಮಲ್ಲಣ್ಣ ಜೀಪನ್ನು ಬೆಳೆದ ಜೋಳದ ಮೇಲೆಯೇ ಓಡಿಸಿಕೊಂಡು ತಂದ. ತನ್ನ ಪೈರನ್ನು ತಾನೇ ತುಳಿಸಿಕೊಂಡು ಬಂದವನನ್ನು ನಾನು ಸಾಯುವತನಕ ಮರೆಯುವುದಿಲ್ಲ.

ಅಕ್ಕಲಕೋಟದ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿ, ಇಂಜೆಕ್ಷನ್ ಕೊಟ್ಟು ಫಿಟ್ಸ್ ನಿಲ್ಲಿಸಿದರು. ಆದರೆ ನಾಡಿ ಇಳಿಯುತ್ತಿತ್ತು. ಬಿ.ಪಿ. ಇಳಿಯುತ್ತಿತ್ತು. “ಇಲ್ಲಿ ಬೇಡ, ಸೋಲಾಪುರಕ್ಕೆ ಒಯ್ಯಿರಿ, ಐಸಿಯು ಬೇಕು,” ಎಂದು ಆಂಬುಲೆನ್ಸ್ ಕರೆಸಿದರು. ದಾರಿಯಲ್ಲಿ ಕಸ್ತೂರಿ ಅಕ್ಕನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ತಿಕ್ಕುತ್ತಿದ್ದಳು. ತಣ್ಣಗಾಗುತ್ತಿದ್ದ ಪಾದಗಳು. ನಾನು ದೇವರ ಹೆಸರು ಹೇಳಲು ಹೋದರೆ ಯಾವ ಹೆಸರೂ ಬಾಯಿಗೆ ಬರಲಿಲ್ಲ. ಬರೀ ಮಹಾದೇವಿ, ಮಹಾದೇವಿ ಎಂದೆ. ಅದೂ ದೇವಿಯ ಹೆಸರೇ ಎಂದು ಆಮೇಲೆ ಹೊಳೆಯಿತು.

ಸೋಲಾಪುರದ ಐಸಿಯುದಲ್ಲಿ ನಮ್ಮನ್ನು ಎದುರುಗೊಂಡ ಡಾಕ್ಟರು ಒಬ್ಬ ಹೆಣ್ಣುಮಗಳು. ಅರಿವಳಿಕೆಯ ಡಾಕ್ಟರಂತೆ. ನಾನು ಹರಕು ಮರಾಠಿಯಲ್ಲಿ ತಡವರಿಸುವುದನ್ನು ಕಂಡು, “ಕನ್ನಡದಾಗ ಹೇಳ್ರಿ ಕಾಕಾರ, ನಾನೂ ಇಂಡಿ ಕಡಿಯಾಕಿನ ಅದೀನಿ,” ಎಂದರು. ಅಷ್ಟು ಕೇಳಿದ್ದಕ್ಕೇ ನನಗೆ ಅಳು ಬಂತು.

“ಬ್ಯಾರೆ ಏನರ ತಗೊಂಡಾರೇನ್ರಿ? ಗುಳಿಗಿ? ಕಷಾಯ? ಹೊಲಕ್ಕ ಹೊಡಿಯೂ ಔಷಧ ಏನರ ಹೊಟ್ಟಿಗಿ ಹೋಗೈತೇನು?”

ಎದೆಯ ಗುಳಿಗೆಯ ಹೆಸರು ಹೇಳಿದೆ. ಅವರು ಅದನ್ನು ಎರಡು ಸಲ ಹೇಳಿಸಿಕೊಂಡರು.

“ಮತ್ತ? ತಂಬಾಕ, ಮಿಶ್ರಿ?”

“ಬಿಟ್ಟಾಳ್ರಿ.”

ಡಾಕ್ಟರು ಕಸ್ತೂರಿಯ ಕಡೆ ತಿರುಗಿದರು. ಕಸ್ತೂರಿ ಸೆರಗನ್ನು ಬಾಯಿಗೊತ್ತಿಕೊಂಡು, “ಏನೂ ಇಲ್ಲ್ರಿ ಡಾಕ್ಟರ್ ಬಾಯಾರ. ಅಕ್ಕ ಏನೂ ಹಚ್ಚೂದಿಲ್ಲ,” ಎಂದಳು.

ಡಾಕ್ಟರು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮತ್ತೆ ಹೊರಗೆ ಬಂದರು. ಮುಖ ಬೇರೆಯಾಗಿತ್ತು. “ಎದಿ ಬಡಿತ ಭಾಳ ನಿಧಾನ ಆಗಾಕತ್ತೈತಿ ಕಾಕಾರ. ಗಂಟಲ ತನಕ ನಳಿಗಿ ಹಾಕಿದ್ರೂ ಅವ್ರಿಗಿ ಓಕರಿಕಿ ಬರವಲ್ದು. ಬಾಯಿ ಪೂರಾ ಜೋಮ್ ಹಿಡದೈತಿ. ಬಾಯಾಗ ಏನ್ ಹಚ್ಚಿದ್ರಿ ಹೇಳ್ರಿ. ಈಗ ಹೇಳದಿದ್ರ ಆಮ್ಯಾಲೆ ಹೇಳಿ ಉಪಯೋಗ ಇಲ್ಲ.”

“ಹುಣ್ಣಿಗಿ ಜೆಲ್ ಕೊಟ್ಟಿದ್ರು. ಬಟಾಣಿ ಕಾಳಿನಷ್ಟು,” ಎಂದೆ.

“ಬಟಾಣಿ ಕಾಳಿಗಿ ಹಿಂಗ ಆಗೂದಿಲ್ರಿ.”

ಕಸ್ತೂರಿ ಕುಸಿದು ಕೂತಳು. “ಮಾಮಾ, ಅಕ್ಕ ಹೊಲದಾಗ ಮಿಶ್ರಿ ಹಚ್ಚಾಕತ್ತಿದ್ಲು,” ಎಂದಳು. “ಗುಡಸಲ ಹಿಂದ ಡಬ್ಬಿ ತಗದು ಹಚ್ಚೂದು ನೋಡ್ದೆ. ಆಣಿ ಮುರದಾಳ ಅಂತ ಅನಕೊಂಡೆ. ನಿಮಗ ಗೊತ್ತಾದ್ರ ಅಕ್ಕನ ಮಾನ ಹೋಗತೈತಿ ಅಂತ ಹೇಳ್ಲಿಲ್ರಿ.”

ಎಂಥ ಮಾನ. ಅಕ್ಕ ಸಾಯುತ್ತಿದ್ದಾಳೆ, ತಂಗಿ ಅವಳ ಆಣೆ ಕಾಯುತ್ತಿದ್ದಾಳೆ! ಬಾಯಿಗೆ ಬಂದದ್ದು ಅಂದೆ. ಅವಳು ಒಂದಕ್ಕೂ ಎದುರಾಡದೆ, ನರ್ಸು ಬಿಚ್ಚಿ ಕೊಟ್ಟಿದ್ದ ಅಕ್ಕನ ಸಂಚಿಯಿಂದ ಆ ಚಿಕ್ಕ ಸ್ಟೀಲ್ ಡಬ್ಬಿ ತೆಗೆದು ಡಾಕ್ಟರ ಕೈಯಲ್ಲಿಟ್ಟಳು. ನನ್ನ ತಾಯಿಯ ಡಬ್ಬಿ.

ಡಾಕ್ಟರು ಮುಚ್ಚಳ ತೆಗೆದರು.

ಒಳಗೆ ಮಿಶ್ರಿ ಇರಲಿಲ್ಲ.

ನೀರಿನಂತೆ ತಿಳಿಯಾದ ಲೋಳೆ ತಳದಲ್ಲಿ ಒಂದಿಷ್ಟು ಉಳಿದಿತ್ತು. ಅಂಚಿನ ಸುತ್ತ ಬೆರಳಾಡಿಸಿ ಬಳಿದುಕೊಂಡ ಗುರುತು. ಟ್ಯೂಬುಗಳನ್ನೇ ಹಿಂಡಿ ಡಬ್ಬಿ ತುಂಬಿಸಿಕೊಂಡಿದ್ದಳು. ಮಿಶ್ರಿಯ ಹಾಗೆ ಬೆರಳು ತುಂಬ ತೆಗೆದು, ಮಿಶ್ರಿಯ ಹಾಗೆ ಒಸಡು ಕೆನ್ನೆ ಎಲ್ಲ ತಿಕ್ಕಿ, ಊಟದ ನಡುವೆ ಉಗುಳಲು ಮನಸ್ಸಿಲ್ಲದೆ ನುಂಗಿದ್ದಾಳೆ. ಒಂದೊಂದು ಖಾರದ ಪದಾರ್ಥಕ್ಕೂ ಮೊದಲು ಒಂದೊಂದು ಸಲ.

ಡಾಕ್ಟರು ಡಬ್ಬಿ ಹಿಡಿದುಕೊಂಡೇ ಒಳಗೆ ಓಡಿದರು. ಓಡುತ್ತಲೇ ನರ್ಸಿಗೆ ಒಂದು ಹೆಸರು ಕೂಗಿ ಹೇಳಿದರು. ಬಾಗಿಲ ಗಾಜಿನಿಂದ ನೋಡಿದರೆ, ಮಹಾದೇವಿಯ ಕೈಗೆ ಬೆಳ್ಳಗಿನ ಸಲೈನ್ ಏರುತ್ತಿತ್ತು. ಹಾಲಿನ ಹಾಗೆ ಬಿಳಿ.

“ಹಾಲ್ ಏರಸಾಕತ್ತಾರೇನ್ರಿ ಮಾಮಾ?” ಎಂದಳು ಕಸ್ತೂರಿ.

ಅವಳ ಜೊತೆ ಮಾತಾಡುವ ಮನಸ್ಸು ನನಗಿರಲಿಲ್ಲ. ಆದರೂ ಇಬ್ಬರೂ ಒಂದೇ ಗಾಜಿಗೆ ಹಣೆ ಒತ್ತಿ ನಿಂತಿದ್ದೆವು.

ಅದು ಹಾಲಲ್ಲ, ಒಂದು ಬಗೆಯ ಎಣ್ಣೆಯ ದ್ರಾವಣ, ಲಿಪಿಡ್ ಎಂದು ಡಾಕ್ಟರು ಆಮೇಲೆ ತಿಳಿಸಿದರು. ರಕ್ತದಲ್ಲಿ ಸೇರಿ ಹೃದಯವನ್ನು, ಮೆದುಳನ್ನು ಹಿಡಿದಿದ್ದ ಔಷಧವನ್ನು ಆ ಎಣ್ಣೆ ತನ್ನ ಕಡೆ ಸೆಳೆದುಕೊಳ್ಳುತ್ತದೆ. ಎಲ್ಲರಿಗೂ ಕೆಲಸ ಮಾಡಿಯೇ ತೀರುತ್ತದೆ ಎಂದು ಹೇಳಲಾಗದು, ನಿಮ್ಮ ಪುಣ್ಯ ಎಂದರು. ಸಂಜೆಯ ಹೊತ್ತಿಗೆ ನಾಡಿ ಏರಿತು. ಮರುದಿನ ಬೆಳಿಗ್ಗೆ ಗಂಟಲ ನಳಿಗೆ ತೆಗೆದರು. ಮಹಾದೇವಿ ಕಣ್ಣು ತೆರೆದು ನನ್ನನ್ನು ನೋಡಿದಳು. ಈ ಸಲ ಆ ಕಣ್ಣಿನಲ್ಲಿ ನಾನಿದ್ದೆ.

ನಾಲಿಗೆ ಕಚ್ಚಿಕೊಂಡು ಬಾತಿತ್ತು. ಮಾತಾಡಲು ಆಗುತ್ತಿರಲಿಲ್ಲ. ಎರಡು ದಿನ ಕಳೆದ ಮೇಲೆ ಮೊದಲು ಹೇಳಿದ್ದು, “ಆಣಿ ಮುರದಿಲ್ರಿ ನಾನು.”

“ಗೊತ್ತೈತಿ, ಸುಮ್ಮನಿರು.”

“ಟ್ಯೂಬಿನಿಂದ ತಗೊಂಡ್ರ ಹಚ್ಚಿದಂಗ ಆಗ್ತಿದ್ದಿಲ್ಲ,” ಎಂದಳು. “ಡಬ್ಬಿ ಕೈಯಾಗ ಬೇಕ ಅನಸ್ತಿತ್ತು. ಡಬ್ಬ್ಯಾಗ ಹಾಕೊಂಡು ಹಚ್ಚಿದ್ರ ಬಾಯಿ ಝುಂ ಅಂತಿತ್ತು, ಮಿಶ್ರಿ ಹಚ್ಚಿದಂಗನ. ಔಷಧ ಅಲ್ಲೇನ್ರಿ, ಔಷಧ ಹೆಚ್ಚಾದ್ರ ಲಗೂನ ಆರತೈತಿ ಅಂತ ತಿಳದಿದ್ದೆ.”

ನಾನು ಬೈಯಬೇಕೆಂದು ಇಟ್ಟುಕೊಂಡಿದ್ದ ಮಾತುಗಳೆಲ್ಲ ಅಲ್ಲೇ ಕರಗಿಹೋದವು. ನಲವತ್ತು ವರ್ಷ ಒಂದು ಡಬ್ಬಿ, ಒಂದು ಬೆರಳು, ಒಂದು ಕಟ್ಟೆ. ಪುಡಿಯನ್ನು ಬಿಡುವುದು ಅವಳಿಗೆ ಸಾಧ್ಯವಾಗಿತ್ತು, ಬೆರಳಿನ ಅಭ್ಯಾಸವನ್ನು ಬಿಡುವುದು ಆಗಿರಲಿಲ್ಲ. ಡಬ್ಬಿಗೆ ಬಿದ್ದ ಔಷಧಕ್ಕೆ ಡಾಕ್ಟರು ಹೇಳಿದ ಅಳತೆ ಇರಲಿಲ್ಲ, ಮಿಶ್ರಿಯ ಅಳತೆಯೇ ಬಂದಿತ್ತು. ಮತ್ತು ಮಿಶ್ರಿಗೆ ಅಳತೆ ಎಂಬುದೇ ಇಲ್ಲ.

ಇಂಡಿ ಕಡೆಯ ಡಾಕ್ಟರಮ್ಮ ವಾರ್ಡಿಗೆ ಬಂದು ನಮಗೆ ಸಮಾಧಾನದಿಂದ ತಿಳಿಸಿ ಹೇಳಿದರು. ಈ ಔಷಧ ಕೆಟ್ಟದ್ದಲ್ಲ. ಹಲ್ಲು ಕೀಳಲು, ಹೊಲಿಗೆ ಹಾಕಲು ದಿನಾ ಎಲ್ಲ ಕಡೆ ಇದನ್ನೇ ಬಳಸುತ್ತಾರೆ. ಆದರೆ ಮೈತೂಕಕ್ಕೆ ತಕ್ಕ ಅಳತೆ ಇರುತ್ತದೆ. ಹುಣ್ಣಾದ ಬಾಯಿ ಇದನ್ನು ಬೇಗ ಹೀರಿಕೊಳ್ಳುತ್ತದೆ. ಒಳಹೋದದ್ದನ್ನು ತೊಳೆದು ಹೊರಹಾಕುವುದು ಲಿವರಿನ ಕೆಲಸ, ಎದೆಗೆ ಅವಳು ತೆಗೆದುಕೊಳ್ಳುವ ಗುಳಿಗೆ ಆ ಕೆಲಸವನ್ನು ನಿಧಾನ ಮಾಡುತ್ತದೆ. ಒಂದು ಕಡೆ ಸುರಿಯುತ್ತಿದ್ದಾಳೆ, ಇನ್ನೊಂದು ಕಡೆ ಮೋರಿ ಕಟ್ಟಿದೆ. ಕಿವಿ ಗುಂಯ್ ಅಂದದ್ದು, ಬಾಯಲ್ಲಿ ಲೋಹದ ರುಚಿ, ತೊದಲು, ತುಟಿ ಅದುರಿದ್ದು, ಎಲ್ಲ ಅದರದೇ ಸೂಚನೆ. ನಾವು ಬಿಸಿಲು ಎಂದೆವು, ಅಂಬಲಿ ಎಂದೆವು, ದೆವ್ವ ಎಂದೆವು.

“ಹಂಗಾದ್ರ ಇಕಿಗಿ ಇದು ಆಗಿಬರೂದಿಲ್ಲ ಅಂದಂಗ ಆತಲ್ರಿ?” ಎಂದು ಕೇಳಿದೆ.

“ಅಲರ್ಜಿ ಅಲ್ಲ್ರಿ ಕಾಕಾರ. ಅಳತಿ ತಪ್ಪಿದ್ದು. ಎರಡೂ ಬ್ಯಾರೆ ಬ್ಯಾರೆ.”

ನಾನು ತಲೆ ಆಡಿಸಿದೆ. ಆದರೆ ಮನಸ್ಸು ಒಪ್ಪಲಿಲ್ಲ. ಒಪ್ಪಲೇಬೇಕಾದ ದಿನ ಮುಂದೆ ಇತ್ತು, ಏಕೆಂದರೆ ಮಚ್ಚೆ ಇನ್ನೂ ಕೆನ್ನೆಯಲ್ಲೇ ಇತ್ತು.

ಅದನ್ನು ತೆಗೆಯಲು ಕೊಡುವ ಇಂಜೆಕ್ಷನ್ನೂ ಲಿಗ್ನೋಕೇನೇ.

ಮನೆಗೆ ಬಂದ ಮೇಲೆ ನೋಡಲು ಬಂದ ನೆಂಟರೆಲ್ಲ ಡಾಕ್ಟರಾದರು. ಇನ್ನು ಆಯುಷ್ಯದಲ್ಲಿ ಆ ಸೂಜಿ ಚುಚ್ಚಿಸಬೇಡ. ಮಚ್ಚೆ ಇದ್ದರೆ ಇರಲಿ, ಎಷ್ಟೋ ಮಂದಿಗೆ ಇರುತ್ತದೆ. ಗಿಡಮೂಲಿಕೆಯವನೊಬ್ಬನಿದ್ದಾನೆ. ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡಿಸು. ನನ್ನ ಮಗನೂ, “ಪಪ್ಪಾ, ರಿಸ್ಕ್ ಬ್ಯಾಡ,” ಎಂದ. ಅವರಿಗಿಂತ ಮೊದಲು ನಾನೇ ಬೇಡ ಎಂದು ನಿರ್ಧರಿಸಿದ್ದೆ. ಹೊಲದಲ್ಲಿ ಅದುರಿದ ಆ ತುಟಿ ನನ್ನ ಕಣ್ಣಿನಿಂದ ಹೋಗುತ್ತಿರಲಿಲ್ಲ. ಅವಳು ಚಹಾ ಕುಡಿಯುವಾಗಲೂ ನಾನು ತುಟಿಯನ್ನೇ ನೋಡುತ್ತಿದ್ದೆ.

ಪೂರ್ತಿ ಪ್ರಜ್ಞೆ ತಪ್ಪಿಸುವ ಬಗ್ಗೆ ಡಾಕ್ಟರಮ್ಮನನ್ನು ಕೇಳಿದೆವು. ಮಾಡಬಹುದು, ಆದರೆ ಇಷ್ಟು ಸಣ್ಣ ಜಾಗಕ್ಕೆ, ಮೊನ್ನೆಯಷ್ಟೇ ಇಷ್ಟೆಲ್ಲ ಪಟ್ಟ ಎದೆಗೆ, ಅಷ್ಟು ದೊಡ್ಡ ಅರಿವಳಿಕೆಗಿಂತ ಅಳೆದು ಕೊಡುವ ಸಣ್ಣ ಇಂಜೆಕ್ಷನ್ನೇ ಒಳ್ಳೆಯದು ಎಂದರು. ಬಿಟ್ಟುಬಿಡುವುದಂತೂ ದಾರಿಯಲ್ಲ, ರಿಪೋರ್ಟ್ ನೆನಪಿದೆಯಲ್ಲ ಎಂದರು. ಆ ಕಡೆ ಮಚ್ಚೆ, ಈ ಕಡೆ ಸೂಜಿ. ಯಾವುದರ ಕೈಗೆ ಅವಳನ್ನು ಕೊಡಲಿ? ವಾರಗಟ್ಟಲೆ ನಾನು ತಾರೀಖು ಮುಂದೂಡುತ್ತ ಬಂದೆ. ಅಂಗಡಿಯಲ್ಲಿ ಹಂಗಾಮು ಎಂದೆ, ಅವಳಿಗೆ ಶಕ್ತಿ ಬರಲಿ ಎಂದೆ.

ಒಂದು ಮಧ್ಯಾಹ್ನ ಕಸ್ತೂರಿ ಚಪಳಗಾಂವದಿಂದ ಬಂದಳು. ಅಲ್ಲಿಯತನಕ ನಾನು ಅವಳ ಜೊತೆ ಮಾತು ಬಿಟ್ಟಿದ್ದೆ. ಅಕ್ಕನ ಮುಂದೆ ಕೂತು ಅವಳೂ ಅದನ್ನೇ ಶುರು ಮಾಡಿದಳು. “ಬ್ಯಾಡಕ್ಕ, ಆ ಸೂಜಿ ಬ್ಯಾಡ. ಆ ಔಷಧ ನಿನಗ ವಿಷ ಐತಿ.”

ಮಹಾದೇವಿ ಅಡುಗೆ ಮನೆಯಲ್ಲಿ ಸಾರಿಗೆ ಉಪ್ಪು ಹಾಕುತ್ತಿದ್ದಳು. ಕೈಯಲ್ಲಿನ ಉಪ್ಪನ್ನು ತಂಗಿಗೆ ತೋರಿಸಿದಳು.

“ಸಾರಿಗಿ ಉಪ್ಪ ಹೆಚ್ಚಾದ್ರ ಅದು ಉಪ್ಪಿನ ತಪ್ಪೇನ? ಹಾಕಿದ ಕೈಯ ತಪ್ಪು. ನಾಳಿಂದ ಉಪ್ಪ ಇಲ್ದ ಉಣ್ಣತೀಯೇನ?” ಅನಂತರ ನನ್ನ ಕಡೆ ತಿರುಗಿದಳು. “ರೀ, ಫೋನ್ ಹಚ್ಚರಿ ಡಾಕ್ಟರ್‌ಗಿ. ಅವತ್ತ ಅಳೀಲಾರದ ನಾ ಹಚ್ಚಕೊಂಡೆ. ಈ ಸಲ ಅಳದು ಹಾಕೂವ್ರು ಹಾಕ್ಲಿ. ನನಗ ಮತ್ತ ಚಟ್ನಿ ಉಣ್ಣೂದೈತಿ.”

ದಿನವಿಡೀ ತಕ್ಕಡಿಯ ಮುಂದೆ ಕೂಡುವವನು ನಾನು. ಆ ಮಾತನ್ನು ಹೇಳಬೇಕಾದವನೂ ನಾನೇ. ಅವಳು ಹೇಳಿದಳು. ನಾನು ಫೋನ್ ಹಚ್ಚಿದೆ.

ಈ ಸಲ ಕ್ಲಿನಿಕ್ಕಿನಲ್ಲಲ್ಲ, ಆಸ್ಪತ್ರೆಯಲ್ಲಿ. ಮಹಾದೇವಿಯನ್ನು ಮೊದಲು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಸೊರಗಿ ನಲವತ್ತೆರಡು ಕಿಲೋಗೆ ಇಳಿದಿದ್ದಳು. ಆ ತೂಕಕ್ಕೆ ಎಷ್ಟು, ಎದೆಯ ಗುಳಿಗೆ ಇರುವುದರಿಂದ ಅದರಲ್ಲೂ ಎಷ್ಟು ಕಡಿಮೆ ಎಂದು ಇಂಡಿಯ ಡಾಕ್ಟರಮ್ಮ ಮತ್ತು ಹಲ್ಲಿನ ಡಾಕ್ಟರು ಇಬ್ಬರೂ ಸೇರಿ ಲೆಕ್ಕ ಹಾಕಿದರು. ಮಾನಿಟರ್ ಹಚ್ಚಿದರು. ಆ ಬಿಳಿ ಲಿಪಿಡ್ ಬಾಟಲಿಯನ್ನೂ ಪಕ್ಕದ ಟ್ರೇಯಲ್ಲಿ ತಂದಿಟ್ಟರು. ಬೇಕಾಗುವುದಿಲ್ಲ, ಆದರೂ ಇರಲಿ ಎಂದರು. ನನ್ನನ್ನು ಹೊರಗೆ ಹೋಗಿ ಅನ್ನುತ್ತಾರೆ ಎಂದುಕೊಂಡಿದ್ದೆ. ಡಾಕ್ಟರಮ್ಮ ನನ್ನ ಮುಖ ನೋಡಿ, ಸೂಜಿ ಕೊಟ್ಟು ಸ್ವಲ್ಪ ಹೊತ್ತಿನ ತನಕ ಇರ್ರಿ, ಆಮೇಲೆ ಹೊರಗೆ ಕೂಡಿರಿ ಎಂದರು.

“ಮಾವಶಿ, ಕಿವಿ ಗುಂಯ್ ಅಂದ್ರ, ಬಾಯಾಗ ತಾಮ್ರದ ರುಚಿ ಬಂದ್ರ, ಲಗೂನ ಕೈ ಎತ್ತರಿ,” ಎಂದರು.

ಹಲ್ಲಿನ ಡಾಕ್ಟರು ಸೂಜಿಯನ್ನು ಕೆನ್ನೆಗೆ ಚುಚ್ಚಿದರು. ಸ್ವಲ್ಪ ಹಿಂದಕ್ಕೆಳೆದು ರಕ್ತ ಬರುತ್ತದೆಯೇ ನೋಡಿದರು. ರಕ್ತನಾಳದಲ್ಲಿ ಇಲ್ಲವೆಂದು ಖಾತ್ರಿಯಾದ ಮೇಲೆ ಒಂದಿಷ್ಟು ಬಿಟ್ಟರು. ನಿಂತರು. ಮತ್ತೆ ಒಂದಿಷ್ಟು. ಮತ್ತೆ ನಿಂತರು. ನಾನು ಅವಳ ಮೇಲ್ದುಟಿಯನ್ನು ನೋಡುತ್ತಿದ್ದೆ. ಅವಳ ಬಲಗೈ ಕುರ್ಚಿಯ ಹಿಡಿಯ ಮೇಲಿತ್ತು. ತೋರುಬೆರಳು ಅಲುಗಿತು. ನಾನು ಎದ್ದು ನಿಂತೆ.

ಅವಳು ಕೂಡು ಎಂದು ಬೆರಳಿನಲ್ಲೇ ಸನ್ನೆ ಮಾಡಿದಳು.

ಕೈ ಎತ್ತಲಿಲ್ಲ.

ಆಪರೇಷನ್ ಮುಗಿಯುವವರೆಗೆ ಕಸ್ತೂರಿ ಮತ್ತು ನಾನು ಹೊರಗಿನ ಬೆಂಚಿನ ಮೇಲೆ ಕೂತೆವು. ಅವಳು, “ಮಾಮಾ, ಅವತ್ತ ನಾ ಲಗೂನ ಹೇಳಬೇಕಿತ್ತು,” ಎಂದಳು. “ಹೇಳಿದಿ ಅಲ್ಲ,” ಎಂದೆ. ಅಷ್ಟೇ. ಅವಳ ಹಲ್ಲಿನ ಸಂದಿನಲ್ಲಿ ಮಿಶ್ರಿಯ ಕಪ್ಪು ಹಾಗೇ ಇತ್ತು. ಬಿಡು ಎಂದು ಅಕ್ಕ ಎಷ್ಟು ಹೇಳಿದರೂ, ನನ್ನಿಂದ ಆಗೂದಿಲ್ಲ ಅನ್ನುತ್ತಾಳೆ. ಮಾರ್ಚ್ ತಿಂಗಳ ಆ ಬಿಸಿಲಿನಲ್ಲಿ ವಾದ ಮಾಡಿ ಅವಳನ್ನು ಒಪ್ಪಿಸಲು ನನಗೂ ಶಕ್ತಿಯಿರಲಿಲ್ಲ.

ಮಚ್ಚೆ ಪೂರ್ತಿ ಬಂದಿದೆ ಎಂದು ಡಾಕ್ಟರು ಹೇಳಿದರು. ಅದನ್ನು ಮತ್ತೆ ಪರೀಕ್ಷೆಗೆ ಕಳಿಸಿದರು. ಈಗ ಕೆಲವು ತಿಂಗಳಿಗೊಮ್ಮೆ ಹೋಗಿ ಬಾಯಿ ತೋರಿಸಿ ಬರುತ್ತೇವೆ, ಮುಂದೆಯೂ ಹೋಗಬೇಕು. ಇಲ್ಲಿಯವರೆಗೆ ಒಳ್ಳೆಯದೇ ಹೇಳಿದ್ದಾರೆ. ಇನ್ನು ಮುಂದಿನದು ಸಿದ್ಧರಾಮನಿಗೆ ಬಿಟ್ಟದ್ದು.

ಆದರೆ ನಾನು ಹೇಳಬೇಕೆಂದಿರುವುದು ಆ ದಿನದ ಸಂಜೆಯ ಮಾತು. ಮಹಾದೇವಿಯನ್ನು ಮಂಚದ ಮೇಲೆ ಒರಗಿಸಿದ್ದರು. ಅರ್ಧ ಮುಖ ಜೋಮು ಹಿಡಿದಿತ್ತು. ಕುಡಿಯಬೇಡಿ, ತಿನ್ನಬೇಡಿ, ಕೆನ್ನೆ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ ಎಂದಿದ್ದರು. ತುಟಿ ಒಂದು ಕಡೆ ಇಳಿಬಿದ್ದಿತ್ತು. ನಾನು ಎದುರಿಗೆ ಸ್ಟೂಲಿನ ಮೇಲೆ ಕೂತು ಅದನ್ನೇ ಕಾಯುತ್ತಿದ್ದೆ. ಅವಳು ಆಗಾಗ ತೋರುಬೆರಳಿನಿಂದ ತುಟಿಯನ್ನು ಮೆಲ್ಲಗೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಮಿಶ್ರಿ ತಿಕ್ಕುತ್ತಿದ್ದ ಅದೇ ಬೆರಳು. ಇಲ್ಲ ಎಂದು ತಲೆ ಆಡಿಸುತ್ತಿದ್ದಳು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಮುಟ್ಟುತ್ತಿದ್ದಳು. ಇಲ್ಲ.

ದೀಪ ಹಚ್ಚುವ ಹೊತ್ತಿಗೆ ಅವಳ ಹುಬ್ಬು ಗಂಟಿಕ್ಕಿತು. ಕೈ ಕೆನ್ನೆಗೆ ಹೋಯಿತು.

“ರೀ,” ಎಂದಳು. “ನೋವಾಗಾಕತ್ತೈತಿ.”

ಮದುವೆಯಾದಾಗಿನಿಂದ ಅವಳ ನೋವಿನ ಸುದ್ದಿ ಎಷ್ಟೋ ಸಲ ಕೇಳಿದ್ದೇನೆ. ಅದನ್ನು ಕೇಳಿ ನಾನು ಕೈ ಮುಗಿದದ್ದು ಅದೊಂದೇ ಸಲ.